ಊರು ಮಲಗಿದಾಗ ಎದ್ದಿರುವ ನಾವು

(ಸಂಘದ ವಾರ್ಷಿಕೋತ್ಸವದ ಮಧ್ಯಾಹ್ನದ ಗೋಷ್ಠಿಯಲ್ಲಿ ಓದಿದ ಭಾಷಣ)



ವೇದಿಕೆಯ ಮೇಲೆ ನಿಂತು ಓದುತ್ತಿರುವವರು ಒಬ್ಬರೇ ಆದರೂ ಈ ಮಾತುಗಳು ನಾಲ್ವರವು. ನಮ್ಮಲ್ಲಿ ಇಬ್ಬರು ಆಸ್ಪತ್ರೆಯಲ್ಲಿ ನರ್ಸ್‌ಗಳು. ಒಬ್ಬರು ವೃದ್ಧರನ್ನು ನೋಡಿಕೊಳ್ಳುವ ಕೇರ್ ಹೋಮಿನಲ್ಲಿ ಕೆಲಸ ಮಾಡುವವರು. ನಾಲ್ಕನೆಯವರು ರಾತ್ರಿ ಪಾಳಿಯನ್ನು ಒಂದು ದಿನವೂ ಮಾಡಿದವರಲ್ಲ. ಆದರೆ ಮಡದಿಯ ರಾತ್ರಿ ಪಾಳಿಯ ಅರ್ಧ ಭಾರವನ್ನು ಹೊತ್ತವರು. ಸಮಿತಿಯವರು "ಆರೋಗ್ಯದ ಬಗ್ಗೆ ಏನಾದರೂ ಮಾತಾಡಿ" ಎಂದು ಕೇಳಿದಾಗ ನಮಗೆ ತೋಚಿದ್ದು ಇದೊಂದೇ ವಿಷಯ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬಗ್ಗೆ ಹೇಳಲು ಈ ಸಭೆಯಲ್ಲೇ ಸಾಕಷ್ಟು ಡಾಕ್ಟರುಗಳಿದ್ದಾರೆ. ರಾತ್ರಿ ಪಾಳಿಗೆ ಹೊಸದಾಗಿ ಸೇರಿದವರ ಮನಸ್ಸಿಗೆ ಏನಾಗುತ್ತದೆ ಎಂದು ಹೇಳುವವರು ಕಡಿಮೆ. ಹೇಳಬೇಕಾದವರು ಈ ಹೊತ್ತಿನಲ್ಲಿ ಸಾಮಾನ್ಯವಾಗಿ ಮಲಗಿರುತ್ತಾರೆ.

ಇಂಗ್ಲೆಂಡಿಗೆ ಬಂದ ಕನ್ನಡಿಗರೆಂದರೆ ಡಾಕ್ಟರು, ಇಂಜಿನಿಯರು, ಆಮೇಲೆ ಕಂಪ್ಯೂಟರಿನವರು ಎಂಬ ಕಾಲವೊಂದಿತ್ತು. ಈಗ ನಮ್ಮ ಸಂಘದ ಸದಸ್ಯರ ಪಟ್ಟಿಯನ್ನು ನೋಡಿದರೆ ನರ್ಸ್‌ಗಳಿದ್ದಾರೆ, ಗೋದಾಮಿನಲ್ಲಿ ಸಾಮಾನು ಜೋಡಿಸುವವರಿದ್ದಾರೆ, ಕೇರ್ ಹೋಮಿನವರಿದ್ದಾರೆ. 2022ರ ಫೆಬ್ರವರಿಯಲ್ಲಿ ಇಲ್ಲಿನ ಸರ್ಕಾರ ಕೇರ್ ವರ್ಕರುಗಳಿಗೂ ವೀಸಾ ಕೊಡಲು ಆರಂಭಿಸಿದ ಮೇಲೆ ನಮ್ಮ ಕಡೆಯವರೂ ಬಂದರು. ಇವರಲ್ಲಿ ಅನೇಕರಿಗೆ ಮೊದಲ ತಿಂಗಳಲ್ಲೇ ಕೈಗೆ ಬಂದದ್ದು ರಾತ್ರಿಯ ಡ್ಯೂಟಿ. ಹೊಸಬರಿಗೆ ಎಲ್ಲ ಕಡೆಯೂ ಉಳಿದದ್ದೇ ಸಿಗುವುದಲ್ಲವೆ?

ರಾತ್ರಿ ಪಾಳಿ ಎಂದರೆ ನಿದ್ದೆಗೆಡುವುದು ಎಂದು ಕೇಳಿದವರು ತಿಳಿಯುತ್ತಾರೆ. ನಿದ್ದೆಗೆಡುವುದು ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಶಿವರಾತ್ರಿಯ ಜಾಗರಣೆ ಮಾಡಿದವರು ನಾವು. ಮದುವೆಯ ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಬೆಳಗು ಮಾಡಿದವರು ನಾವು. ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿಯೇ ಬರುವುದೆಂದು ಟಾರ್ಚು ಹಿಡಿದು ಹೊಲಕ್ಕೆ ನೀರು ಹಾಯಿಸಲು ಹೋದ ಅಪ್ಪಂದಿರ ಮಕ್ಕಳು ನಾವು. ನಮ್ಮಲ್ಲಿ ಕರಾವಳಿಯವರೊಬ್ಬರಿದ್ದಾರೆ. ಅವರ ಕಡೆ ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ತಿಂಗಳವರೆಗೆ ರಾತ್ರಿಯೆಲ್ಲ ಆಟ. ಈಚೆಗೆ ಕಾಲಮಿತಿಯ ಪ್ರಯೋಗಗಳು ಹೆಚ್ಚಾಗಿವೆ, ಅದು ಬೇರೆ ಮಾತು. ಆ ಕಲಾವಿದರು ತಿಂಗಳುಗಟ್ಟಲೆ ರಾತ್ರಿ ಕುಣಿದು ಹಗಲು ಮಲಗುತ್ತಿದ್ದರು. ಅವರದೂ ರಾತ್ರಿ ಪಾಳಿಯೇ.

ಆದರೆ ಅಲ್ಲಿ ಎಚ್ಚರವಿದ್ದವರ ಜೊತೆಗೆ ಊರೂ ಎಚ್ಚರವಿರುತ್ತಿತ್ತು. ಚೆಂಡೆಯ ಸದ್ದು ಕೇಳಿದ ಜನ ಚಾಪೆ ಹಿಡಿದು ಗದ್ದೆಗೆ ಬರುತ್ತಿದ್ದರು. ಬೆಳಗಾದ ಮೇಲೆ ಮೇಳದವರೆಲ್ಲ ಒಂದೇ ಬಿಡಾರದಲ್ಲಿ ಒಟ್ಟಿಗೆ ಉಂಡು ಒಟ್ಟಿಗೆ ಮಲಗುತ್ತಿದ್ದರು. ನಮ್ಮಲ್ಲಿ ಇನ್ನೊಬ್ಬರ ತಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. 1923ರಲ್ಲಿ ಕೆಲಸ ಶುರುವಾದ ಕಾರ್ಖಾನೆ ಅದು. ಕುಲುಮೆ ಆರಿಸುವಂತಿಲ್ಲವಾದ್ದರಿಂದ ಪಾಳಿಯೆಂಬುದು ಆ ಊರಿಗೇ ಅಭ್ಯಾಸವಾಗಿತ್ತು. "ಅಪ್ಪ ನೈಟ್ ಮುಗಿಸಿ ಮಲಗಿದ್ದಾರೆ" ಎಂದರೆ ಪಕ್ಕದ ಮನೆಯವರು ಮೆಣಸಿನಕಾಯಿ ಕುಟ್ಟುವುದನ್ನು ಸಂಜೆಗೆ ಮುಂದೂಡುತ್ತಿದ್ದರಂತೆ. ನಮಗೆ ಇಲ್ಲಿ ಕಷ್ಟವಾದದ್ದು ಎಚ್ಚರವಿರುವುದಲ್ಲ. ನಮ್ಮವರೆಲ್ಲ ಮಲಗಿದಾಗ ನಾವೊಬ್ಬರೇ ಎಚ್ಚರವಿರುವುದು, ನಮ್ಮವರೆಲ್ಲ ಎದ್ದಾಗ ನಾವೊಬ್ಬರೇ ಮಲಗಿರುವುದು.

ಸಂಕಟ ಶುರುವಾಗುವುದು ರಾತ್ರಿಯಲ್ಲಲ್ಲ, ಸಂಜೆಯಲ್ಲಿ. ಮೊದಲ ಪಾಳಿಯ ದಿನವಂತೂ ಮಧ್ಯಾಹ್ನದಿಂದಲೇ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. "ಎರಡು ಗಂಟೆ ಮಲಗಿ ಹೋಗು" ಎಂದು ಅನುಭವಸ್ಥರು ಹೇಳಿರುತ್ತಾರೆ. ಕಣ್ಣು ಮುಚ್ಚಿದರೆ ನಿದ್ದೆಯ ಬದಲು ಗಡಿಯಾರ ಕಾಣಿಸುತ್ತದೆ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಹುಟ್ಟುವುದು ಬೆಳಿಗ್ಗೆ ಎಂಟರ ಮೇಲೆ. ರಾತ್ರಿ ಏಳೂವರೆಗೆ ಡ್ಯೂಟಿಗೆ ಸೇರಿ ಬೆಳಿಗ್ಗೆ ಎಂಟಕ್ಕೆ ಬಿಟ್ಟು, ಮನೆಗೆ ಬಂದು ಮಲಗಿ ಎದ್ದರೆ ಮತ್ತೆ ಕತ್ತಲು. ಮುಸ್ಸಂಜೆಯ ಹೊತ್ತು ಮಲಗಬಾರದು, ಅದು ಲಕ್ಷ್ಮಿ ಮನೆಗೆ ಬರುವ ಹೊತ್ತು ಎಂದು ಕೇಳಿ ಬೆಳೆದವರು ನಾವು. ದೀಪ ಹಚ್ಚುವ ಹೊತ್ತಿಗೆ ಹಾಸಿಗೆಯಿಂದ ಏಳುವಾಗ ಏನೋ ತಪ್ಪು ಮಾಡಿದ ಹಾಗೆ ಎದೆ ಅಳುಕುತ್ತದೆ. ಶಾಲೆಯಿಂದ ಮಗು ಬರುತ್ತದೆ, ಕೆಲಸದಿಂದ ಯಜಮಾನರು ಬರುತ್ತಾರೆ, ಬೀದಿಯ ಮನೆಗಳಲ್ಲೆಲ್ಲ ದೀಪ ಹತ್ತುತ್ತದೆ. ಎಲ್ಲರೂ ಮನೆ ಸೇರುವ ಆ ಹೊತ್ತಿನಲ್ಲಿ ನಾವು ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು ಹೊರಡಬೇಕು. ನಮ್ಮಲ್ಲೊಬ್ಬರ ನಾಲ್ಕು ವರ್ಷದ ಮಗಳು ಪ್ರತಿ ದಿನ ಬೆಳಿಗ್ಗೆ ಅಪ್ಪನನ್ನು ಕೇಳುತ್ತಿದ್ದಳು, "ಅಮ್ಮ ಇವತ್ತು ಮನೆ ಅಮ್ಮನಾ, ರಾತ್ರಿ ಅಮ್ಮನಾ?" ಎಂದು. ಕೇಳಿದವರು ನಕ್ಕರು. ತಾಯಿಗೆ ನಗು ಬರಲಿಲ್ಲ.

ಜೂನ್ ತಿಂಗಳ ಕಥೆ ಇದಕ್ಕೆ ಉಲ್ಟಾ. ಐದಕ್ಕೆ ಮುಂಚೆಯೇ ಬೆಳಗಾಗಿಬಿಡುತ್ತದೆ. ರಾತ್ರಿ ಒಂಬತ್ತಾದರೂ ಬೆಳಕು. ಮಲಗಬೇಕಾದಾಗ ಪರದೆಯ ಸಂದಿಯಿಂದ ಬಿಸಿಲು ಬೆರಳು ಚಾಚುತ್ತದೆ. ಹೊರಗೆ ಹುಲ್ಲು ಕತ್ತರಿಸುವ ಯಂತ್ರ. ಇದರ ಜೊತೆಗೆ ಪಾರ್ಸೆಲ್ಲಿನವರು. "ಈ ಮನೆಯಲ್ಲಿ ಹಗಲು ಯಾರಾದರೂ ಇರುತ್ತಾರೆ" ಎಂಬ ಸುದ್ದಿ ಅವರಿಗೆ ಹೇಗೋ ತಿಳಿದು, ಇಡೀ ಬೀದಿಯ ಪಾರ್ಸೆಲ್ಲುಗಳನ್ನು ನಮ್ಮ ಬಾಗಿಲಿಗೆ ತಂದು ಗಂಟೆ ಒತ್ತುತ್ತಾರೆ. ಪಕ್ಕದ ಮನೆಯವರ ಪರಿಚಯ ನಮಗೆ ಆದದ್ದೇ ಹಾಗೆ.

ಬೆಳಗಿನ ಜಾವ ನಾಲ್ಕು ಗಂಟೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹಿರಿಯರು ಬ್ರಾಹ್ಮೀ ಮುಹೂರ್ತವೆಂದು ಕರೆದ ಹೊತ್ತು ಅದು. ಮಲಗಿ ಎದ್ದವರಿಗೆ ಅದು ಶುಭವೇ ಇರಬೇಕು. ಮಲಗದವರಿಗೆ ಅಷ್ಟು ಕೆಟ್ಟ ಗಳಿಗೆ ಇನ್ನೊಂದಿಲ್ಲ. ವಾರ್ಡಿನಲ್ಲಿ ದೀಪಗಳು ಮಂಕಾಗಿರುತ್ತವೆ, ಯಂತ್ರಗಳು ಮಾತ್ರ ಸದ್ದು ಮಾಡುತ್ತಿರುತ್ತವೆ. ಮೈ ಚಳಿ ಹಿಡಿದಂತೆ ನಡುಗುತ್ತದೆ. ಆಗ ಮನಸ್ಸು ಲೆಕ್ಕ ಹಾಕಲು ಕೂರುತ್ತದೆ. ಈ ದೇಶಕ್ಕೆ ಯಾಕೆ ಬಂದೆವು? ಮಗು ನಮ್ಮನ್ನು ಮರೆಯುತ್ತಿದೆಯೇ? ಅಪ್ಪನಿಗೆ ಹುಷಾರಿಲ್ಲದಾಗ ಹೋಗಲಿಲ್ಲ. ಸಾಲ ಇನ್ನೂ ಎಷ್ಟಿದೆ? ಒಂದೊಂದೂ ನಿಜವೇ, ಆದರೆ ಆ ಹೊತ್ತಿನಲ್ಲಿ ಒಂದಕ್ಕೂ ಪರಿಹಾರವೇ ಇಲ್ಲ ಎನ್ನಿಸುತ್ತದೆ. ನಮ್ಮಲ್ಲೊಬ್ಬರು ಮೊದಲ ಎರಡು ತಿಂಗಳಲ್ಲಿ ಮೂರು ಸಲ ರಾಜೀನಾಮೆ ಪತ್ರ ಬರೆದರು. ಮೂರೂ ಬರೆದದ್ದು ನಾಲ್ಕರಿಂದ ಐದರ ಒಳಗೆ. ಮಧ್ಯಾಹ್ನ ಎದ್ದು ಊಟ ಮಾಡಿದ ಮೇಲೆ ಓದಿದರೆ ಅವು ಬೇರೆ ಯಾರೋ ಬರೆದಂತೆ ಕಂಡವು.

ಇದು ಧೈರ್ಯ ಸಾಲದವರ ಕಥೆಯಲ್ಲ, ದೇಹದ ವಿಚಾರ. ನಮ್ಮ ಮಿದುಳಿನಲ್ಲಿ, ಎರಡು ಕಣ್ಣಿನ ನರಗಳು ಅಡ್ಡ ಹಾಯುವ ಜಾಗದ ಮೇಲೆ, ಸುಮಾರು 20,000 ಜೀವಕೋಶಗಳ ಒಂದು ಪುಟ್ಟ ಗುಂಪಿದೆ. ಅದೇ ದೇಹದ ಗಡಿಯಾರ. ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಅದು ಹೊತ್ತು ತಿಳಿಯುತ್ತದೆ. ಕತ್ತಲಾದಾಗ ಮೆಲಟೋನಿನ್ ಎಂಬ ರಸವನ್ನು ಸುರಿಸುವಂತೆ ಹೇಳುತ್ತದೆ, ಹಸಿವು, ಮೈಶಾಖ, ಉತ್ಸಾಹ ಎಲ್ಲಕ್ಕೂ ತಾಳ ಹಾಕುತ್ತದೆ. 2017ರಲ್ಲಿ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್, ಮೈಕೆಲ್ ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ ನೊಬೆಲ್ ಪ್ರಶಸ್ತಿ ಬಂದದ್ದು, ಈ ಗಡಿಯಾರ ಜೀವಕೋಶದ ಒಳಗೆ ಹೇಗೆ ಓಡುತ್ತದೆ ಎಂದು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದುದಕ್ಕೆ. ಮೈಯ ಶಾಖ ಅತಿ ಕೆಳಗಿಳಿಯುವುದು ಬೆಳಗಿನ ಜಾವ ನಾಲ್ಕು ಐದರ ಸುಮಾರಿಗೆ. ಮನಸ್ಸಿನ ಉತ್ಸಾಹವೂ ಅದರ ಜೊತೆಗೇ ಇಳಿಯುತ್ತದೆ. ನಿದ್ದೆಗೆಟ್ಟವರ ಮಿದುಳು ಬೇಸರದ ಚಿತ್ರಗಳನ್ನು ಕಂಡಾಗ ಮಾಮೂಲಿಗಿಂತ ಬಹಳ ಜೋರಾಗಿ ಕೆರಳುತ್ತದೆ ಎಂದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಹಾಲಿನ ಪಾತ್ರೆ ಫ್ರಿಜ್ಜಿನಲ್ಲಿ ಇಟ್ಟಿಲ್ಲವೆಂದು ಮನೆಯಲ್ಲಿ ಮಹಾಯುದ್ಧವಾಗುವುದು ಏಕೆಂದು ಇದನ್ನು ತಿಳಿದ ಮೇಲೆ ನಮಗೆ ಅರ್ಥವಾಯಿತು.

"ಬೆಂಗಳೂರಿನಿಂದ ಬಂದಾಗಲೂ ನಾಲ್ಕು ದಿನ ನಿದ್ದೆ ಏರುಪೇರಾಗುತ್ತದೆ, ಆಮೇಲೆ ಸರಿಹೋಗುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ಸರಿಹೋಗುತ್ತದೆ, ಏಕೆಂದರೆ ಇಲ್ಲಿಗೆ ಬಂದಾಗ ಸೂರ್ಯನೂ ನಮ್ಮ ಜೊತೆಗೆ ಹೊಸ ಹೊತ್ತಿಗೆ ಹೊಂದಿಕೊಂಡಿರುತ್ತಾನೆ. ರಾತ್ರಿ ಪಾಳಿಯವರಿಗೆ ಸೂರ್ಯ ಸಹಕರಿಸುವುದಿಲ್ಲ. ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುವಾಗ ಬೆಳಗಿನ ಬೆಳಕು ಕಣ್ಣಿಗೆ ಬಿದ್ದೊಡನೆ ಗಡಿಯಾರ ಮತ್ತೆ ಹಗಲಿಗೇ ತಿರುಗಿಕೊಳ್ಳುತ್ತದೆ. ಹೀಗಾಗಿ ವರ್ಷಗಟ್ಟಲೆ ರಾತ್ರಿ ದುಡಿದವರಲ್ಲೂ ಪೂರ್ತಿ ಹೊಂದಿಕೊಂಡವರು ಬಹಳ ಕಡಿಮೆ. "ಇನ್ನೂ ಅಭ್ಯಾಸವಾಗಲಿಲ್ಲವೇ?" ಎಂದು ಆರು ತಿಂಗಳಾದ ಮೇಲೆ ಕೇಳಬೇಡಿ ಎಂದು ಈ ಸಂದರ್ಭದಲ್ಲಿ ವಿನಂತಿ.

ನಾಲ್ಕು ಗಂಟೆಯ ಯೋಚನೆಗೆ ನಾವು ಕಂಡುಕೊಂಡ ಉಪಾಯ ಸರಳವಾದದ್ದು. ಆ ಹೊತ್ತಿನಲ್ಲಿ ಬಂದದ್ದನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡುವುದು. ಉತ್ತರ ಹುಡುಕದೆ ಬರಿದೇ ಬರೆಯುವುದು. ಮಲಗಿ ಎದ್ದು ಉಂಡ ಮೇಲೆ ಪುಸ್ತಕ ತೆಗೆಯುವುದು. ಕೆಲಸ ಬಿಡುವುದು, ಗಂಡ ಹೆಂಡಿರ ಜಗಳ, ಊರಿಗೆ ವಾಪಸು ಹೋಗುವುದು, ಇವುಗಳ ಯಾವ ತೀರ್ಮಾನವನ್ನೂ ನಡುರಾತ್ರಿಯಿಂದ ನಿದ್ದೆ ಮುಗಿಯುವವರೆಗೆ ಮಾಡಕೂಡದು ಎಂದು ನಾವು ನಾಲ್ವರೂ ಮಾತಾಡಿಕೊಂಡಿದ್ದೇವೆ. ಫೋನಿನಲ್ಲಿ ಸಂದೇಶ ಕಳಿಸುವುದನ್ನೂ ಈ ಪಟ್ಟಿಗೆ ಸೇರಿಸಿದ್ದೇವೆ, ಅನುಭವದ ಮೇಲೆ.

ಫೋನಿನ ಮಾತು ಬಂದದ್ದರಿಂದ ಊರಿನವರ ವಿಷಯ. ನಮಗೆ ಬಿಡುವು ಸಿಗುವುದು ರಾತ್ರಿ ಮೂರರ ಸುಮಾರಿಗೆ. ಚಳಿಗಾಲದಲ್ಲಿ ಇಲ್ಲಿ ಮೂರೆಂದರೆ ಹಾಸನದಲ್ಲಿ ಬೆಳಗಿನ ಎಂಟೂವರೆ. ಅಮ್ಮ ಸ್ನಾನ ಪೂಜೆ ಮುಗಿಸಿ ಎರಡನೆಯ ಕಾಫಿ ಹಿಡಿದು ಕೂತಿರುತ್ತಾರೆ. ನಮಗೆ ಮಾತಾಡಬೇಕೆನ್ನಿಸುವ ಹೊತ್ತಿನಲ್ಲಿ ಎಚ್ಚರವಿರುವ ನಮ್ಮವರೆಂದರೆ ಅವರೊಬ್ಬರೇ. ಆದರೂ ಫೋನು ಮಾಡುವುದಿಲ್ಲ. ಮಾಡಿದರೆ "ಇಷ್ಟು ಹೊತ್ತಿನಲ್ಲಿ ಯಾಕೆ ಎದ್ದಿದ್ದೀಯಾ?" ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಮಗಳು ದೊಡ್ಡ ಆಸ್ಪತ್ರೆಯಲ್ಲಿದ್ದಾಳೆ ಎಂದು ಊರೆಲ್ಲ ಹೇಳಿಕೊಂಡಿರುತ್ತಾರೆ. ಮಗಳು ರಾತ್ರಿಯೆಲ್ಲ ನಿಂತೇ ಇರುತ್ತಾಳೆ ಎಂದು ತಿಳಿದರೆ ನೊಂದುಕೊಳ್ಳುತ್ತಾರೆಂದು ನಾವು ಹೇಳುವುದಿಲ್ಲ. ನಮ್ಮಲ್ಲೊಬ್ಬರು ಒಂದು ವರ್ಷ ಹೀಗೆಯೇ ಕಳೆದ ಮೇಲೆ ಒಂದು ದಿನ ಮೂರು ಗಂಟೆಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಪ್ಪನೂ ಮೂವತ್ತು ವರ್ಷ ರಾತ್ರಿ ಬಸ್ಸು ಓಡಿಸಲಿಲ್ಲವೇನೇ? ಊಟಕ್ಕೆ ಏನು ತಗೊಂಡು ಹೋಗಿದ್ದೀಯಾ ಹೇಳು" ಎಂದರಂತೆ. ಈಗ ವಾರಕ್ಕೆರಡು ರಾತ್ರಿ ಅವರಿಬ್ಬರದು ಹತ್ತು ನಿಮಿಷದ ಮಾತಿದೆ. ಹಗಲು ಹನ್ನೊಂದಕ್ಕೆ, ಅಂದರೆ ಊರಿನಲ್ಲಿ ಸಂಜೆಯ ಕಾಫಿಯ ಹೊತ್ತಿಗೆ, ಅಮ್ಮ ಫೋನು ಮಾಡಿ ನಿದ್ದೆ ಕೆಡಿಸುವುದು ಅಂದಿನಿಂದಲೇ ನಿಂತಿತು. ಈ ಲಾಭವನ್ನು ಯಾರೂ ನಿರೀಕ್ಷಿಸಿರಲಿಲ್ಲ.

ಮನೆಯವರ ಪಾಲಿನ ಮಾತನ್ನು ನಮ್ಮ ನಾಲ್ಕನೆಯವರು ಹೀಗೆ ಬರೆದುಕೊಟ್ಟಿದ್ದಾರೆ. ಮಡದಿಗೆ ರಾತ್ರಿ ಪಾಳಿ ಎಂದಾಗ ಅಡುಗೆ, ಮಗುವಿನ ಸ್ನಾನ, ಕಥೆ ಎಲ್ಲ ತಮ್ಮ ಪಾಲಿಗೆ ಬಂದಿತೆಂಬುದನ್ನು ಅವರು ಕಷ್ಟವೆನ್ನುವುದಿಲ್ಲ. ಕಷ್ಟವಾದದ್ದು ಮನೆಯಲ್ಲಿ ಮನುಷ್ಯರಿದ್ದೂ ಇಲ್ಲದಂತೆ ನಡೆದುಕೊಳ್ಳುವುದು. ಕುಕ್ಕರಿನ ವಿಷಲ್ಲು ಕೂಗುವಂತಿಲ್ಲ, ಮಿಕ್ಸಿ ತಿರುಗಿಸುವಂತಿಲ್ಲ, ಮಗು ಜೋರಾಗಿ ನಕ್ಕರೆ ಸುಮ್ಮನಿರಿಸಬೇಕು. ಶನಿವಾರ ಬಂತೆಂದರೆ ಮಗುವನ್ನು ಕರೆದುಕೊಂಡು ಗ್ರಂಥಾಲಯ, ಉದ್ಯಾನವೆಂದು ಮನೆಯಿಂದ ಹೊರಗೇ ತಿರುಗುವುದು. ಊರಿನಿಂದ ಬಂದ ಅತ್ತೆ ಮಾವಂದಿರಿಗೆ ಇದನ್ನು ತಿಳಿಸಿ ಹೇಳುವುದು ಇನ್ನೊಂದು ಸಾಹಸ. ಹಗಲು ಮಲಗುವ ಸೊಸೆ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡದಿದ್ದರೂ ಕೇಳಿಸಿಬಿಡುತ್ತದೆ. ಕೊನೆಗೆ ಅವರ ಮನೆಯಲ್ಲಿ ಉಳಿದ ಕ್ರಮ ಎರಡೇ. ಫ್ರಿಜ್ಜಿನ ಬಾಗಿಲ ಮೇಲೆ ತಿಂಗಳ ಪಾಳಿಯ ಹಾಳೆ, ಮಗುವಿಗೂ ತಿಳಿಯುವಂತೆ ಚಂದ್ರ ಸೂರ್ಯರ ಚಿತ್ರ ಹಾಕಿ. ಮತ್ತೆ ಸಂಜೆ ಐದೂವರೆಗೆ ಎಲ್ಲರೂ ಕೂತು ಒಟ್ಟಿಗೆ ಊಟ. ಅದು ಒಬ್ಬರಿಗೆ ಬೆಳಗಿನ ತಿಂಡಿ, ಒಬ್ಬರಿಗೆ ಮಧ್ಯಾಹ್ನದ ಊಟ ಇರಬಹುದು. ಆ ಮುಕ್ಕಾಲು ಗಂಟೆ ಮಾತ್ರ ತಪ್ಪಿಸುವಂತಿಲ್ಲ. ಮಗಳು ಈಗ "ರಾತ್ರಿ ಅಮ್ಮ" ಎಂದು ಕೇಳುವುದಿಲ್ಲ, ಹಾಳೆ ನೋಡಿ ತಾನೇ ಹೇಳುತ್ತಾಳೆ.

ಹೊಸಬರಿಗೆ ಉಪಯೋಗವಾಗಬಹುದಾದ ಕೆಲವು ಸಣ್ಣ ವಿಷಯಗಳು. ಕಾಫಿಯನ್ನು ಪಾಳಿಯ ಮೊದಲರ್ಧದಲ್ಲೇ ಮುಗಿಸಿ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು, ನಾಲ್ಕಕ್ಕೆ ಕುಡಿದದ್ದು ಒಂಬತ್ತಕ್ಕೂ ಕಾಡುತ್ತದೆ. ನಡುರಾತ್ರಿ ಪಲಾವು ಪೂರಿ ತಿಂದು ನಾವು ನರಳಿದ್ದು ಸಾಕು, ಮೊಸರನ್ನಕ್ಕೆ ಸಮ ಬೇರೆ ಇಲ್ಲ. ಮಲಗುವ ಕೋಣೆಗೆ ದಪ್ಪ ಪರದೆ ಹಾಕಿಸಲು ದುಡ್ಡಿಲ್ಲದಿದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಕಿಟಕಿಯ ಗಾಜಿಗೆ ಅಂಟಿಸಿ. ನೋಡುವುದಕ್ಕೆ ಚೆನ್ನಾಗಿರುವುದಿಲ್ಲ, ಕತ್ತಲು ಮಾತ್ರ ಚೆನ್ನಾಗಿ ಆಗುತ್ತದೆ. ಪಾಳಿ ಮುಗಿಸಿ ಕಣ್ಣು ಎಳೆಯುತ್ತಿದ್ದರೆ ಕಾರು ಓಡಿಸಬೇಡಿ, ಬಸ್ಸಿನಲ್ಲಿ ಬನ್ನಿ; ನಿಲ್ದಾಣ ತಪ್ಪಿದರೆ ತಪ್ಪಲಿ. ಹಗಲೆಲ್ಲ ಮಲಗುವವರಿಗೆ ಬಿಸಿಲು ಕಾಣುವುದಿಲ್ಲ; ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಮ್ ವಿಟಮಿನ್ ಡಿ ತೆಗೆದುಕೊಳ್ಳಿ ಎಂದು ಇಲ್ಲಿನ ಸರ್ಕಾರವೇ ಎಲ್ಲರಿಗೂ ಹೇಳುತ್ತದೆ, ನಮ್ಮ ಮೈಬಣ್ಣದವರು ವರ್ಷವಿಡೀ ಯೋಚಿಸಬೇಕಾದ ವಿಷಯವದು. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಪಾಳಿ ಶುರುವಾಗುವ ಮೊದಲೇ ಡಾಕ್ಟರನ್ನು ಕೇಳಿ ಹೊತ್ತು ಬದಲಿಸಿಕೊಳ್ಳಬೇಕು. ಇನ್ನು ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಹಿಂದಕ್ಕೆ ತಿರುಗಿಸುವ ರಾತ್ರಿ ಡ್ಯೂಟಿ ಬಿದ್ದರೆ, ಒಂದು ಗಂಟೆ ಹೊಡೆದದ್ದು ಮತ್ತೊಮ್ಮೆ ಹೊಡೆಯುತ್ತದೆ. ಅದಕ್ಕೆ ನಮ್ಮಲ್ಲಿ ಯಾವ ಉಪಾಯವೂ ಇಲ್ಲ.

ರಜೆಯ ದಿನಗಳಲ್ಲಿ ಹಗಲಿಗೆ ಮರಳಬೇಕೇ, ರಾತ್ರಿಯಲ್ಲೇ ಉಳಿಯಬೇಕೇ ಎಂಬ ಬಗ್ಗೆ ನಮ್ಮೊಳಗೇ ಭಿನ್ನಾಭಿಪ್ರಾಯವಿದೆ. ದೇಹದ ಲೆಕ್ಕದಲ್ಲಿ ಒಂದೇ ಕ್ರಮದಲ್ಲಿ ಇರುವುದು ಮೇಲು. ಆದರೆ ಮಕ್ಕಳಿರುವವರು ರಜೆಯಲ್ಲೂ ಹಗಲು ಮಲಗಿದರೆ ಆ ರಜೆಯಿಂದ ಮನಸ್ಸಿಗೆ ಏನು ಸಿಕ್ಕಿತು? ಕೊನೆಯ ಪಾಳಿಯ ಬೆಳಿಗ್ಗೆ ಎರಡು ಮೂರು ಗಂಟೆ ಮಾತ್ರ ಮಲಗಿ ಎದ್ದು, ಸಂಜೆ ಬೇಗ ಮಲಗಿಬಿಡುವುದು ನಮ್ಮಲ್ಲಿ ಮೂವರಿಗೆ ಒಗ್ಗಿದೆ. ಅಂದಿನ ದಿನ ನಮ್ಮೊಡನೆ ಯಾರೂ ಮುಖ್ಯವಾದ ಮಾತು ತೆಗೆಯದಿದ್ದರೆ ಸರಿ.

ಕೇರ್ ಹೋಮಿನಲ್ಲಿರುವ ನಮ್ಮ ಸ್ನೇಹಿತೆಯ ಕಷ್ಟ ಇವುಗಳಿಗಿಂತ ಆಳದ್ದು. 2024ರ ಮಾರ್ಚ್ ನಂತರ ಹೊಸದಾಗಿ ವೀಸಾ ಪಡೆದು ಬಂದ ಕೇರ್ ವರ್ಕರುಗಳು ಗಂಡ ಮಕ್ಕಳನ್ನು ಕರೆತರುವಂತಿಲ್ಲ. ಇವರ ಮಗ ಶಿವಮೊಗ್ಗದಲ್ಲಿ ಅಜ್ಜಿಯ ಹತ್ತಿರ ಇದ್ದಾನೆ. ವೀಸಾ ಕೆಲಸ ಕೊಟ್ಟವರ ಹೆಸರಿಗೆ ಕಟ್ಟಿಕೊಂಡಿರುವುದರಿಂದ "ಈ ವಾರ ಆರನೆಯ ರಾತ್ರಿ ನನ್ನಿಂದಾಗದು" ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. ಮೊದಲು ಕೆಲಸ ಮಾಡಿದ ಕಡೆ ಮೇಲಿನವರೊಬ್ಬರು, "ಕಷ್ಟವೆನ್ನುವವರು ವಾಪಸು ಹೋಗಬಹುದು" ಎಂದು ಎಲ್ಲರೆದುರು ಅಂದರು. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಆಗ ಅವರಿಗೆ ಗೊತ್ತಿಲ್ಲದಿದ್ದದ್ದನ್ನು ನಿಮಗೆ ಗೊತ್ತಿರಲೆಂದು ಹೇಳುತ್ತೇವೆ. ಇಲ್ಲಿ 1998ರಿಂದ ಕೆಲಸದ ವೇಳೆಯ ಕಾನೂನೊಂದಿದೆ. ರಾತ್ರಿ ಪಾಳಿಗೆ ಹಾಕುವ ಮೊದಲು, ಆಮೇಲೆಯೂ ಆಗಾಗ, ಉಚಿತವಾಗಿ ಆರೋಗ್ಯ ವಿಚಾರಣೆಯ ಅವಕಾಶ ಕೊಡಬೇಕು. ಒಂದು ಪಾಳಿಗೂ ಇನ್ನೊಂದಕ್ಕೂ ನಡುವೆ ಸಾಮಾನ್ಯವಾಗಿ 11 ಗಂಟೆ ಬಿಡುವಿರಬೇಕು. ರಾತ್ರಿ ಕೆಲಸದಿಂದಲೇ ಆರೋಗ್ಯ ಕೆಟ್ಟಿದೆ ಎಂದು ಡಾಕ್ಟರು ಹೇಳಿದರೆ, ಸಾಧ್ಯವಿರುವ ಕಡೆ ಹಗಲಿನ ಕೆಲಸಕ್ಕೆ ಬದಲಿಸಬೇಕು. ಕೆಲಸ ಬದಲಿಸಿಕೊಳ್ಳಲು ಅವರಿಗೆ ಏಳು ತಿಂಗಳು ಹಿಡಿಯಿತು. ಈಗಿನ ಕಡೆಯೂ ರಾತ್ರಿಯೇ, ಆದರೆ ವಾರಕ್ಕೆ ಮೂರೇ.

ಆ ಏಳು ತಿಂಗಳಲ್ಲಿ ಅವರು ಅಳುವುದನ್ನೂ ನಿಲ್ಲಿಸಿದ್ದರು. ಇದನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಊಟ ರುಚಿಸಲಿಲ್ಲ, ರಜೆಯ ರಾತ್ರಿಯೂ ನಿದ್ದೆ ಬರಲಿಲ್ಲ, ಮಗನೊಡನೆ ವಿಡಿಯೋದಲ್ಲಿ ಮಾತಾಡುವುದನ್ನು ಮುಂದೂಡಲಾರಂಭಿಸಿದರು. ರಾತ್ರಿ ಪಾಳಿಯ ಮಾಮೂಲಿ ಬೇಸರ ಎರಡು ದಿನ ಚೆನ್ನಾಗಿ ಮಲಗಿದರೆ ಸಡಿಲವಾಗುತ್ತದೆ. ಮಲಗಿದರೂ ಸಡಿಲವಾಗದೆ ಎರಡು ವಾರ ಉಳಿದರೆ ಅದು ಪಾಳಿಯ ಬೇಸರವಲ್ಲ, ಕಾಯಿಲೆ. ಡಾಕ್ಟರ ಹತ್ತಿರ ಹೋಗಬೇಕು. ಇಂಗ್ಲೆಂಡಿನಲ್ಲಿ ಎನ್‌.ಎಚ್‌.ಎಸ್‌.ನ ಟಾಕಿಂಗ್ ಥೆರಪಿಗೆ ಡಾಕ್ಟರ ಚೀಟಿಯಿಲ್ಲದೆ ನಾವೇ ಹೆಸರು ಬರೆಸಬಹುದು. ಬದುಕುವುದೇ ಬೇಡ ಎನ್ನಿಸಿದರೆ ಬೆಳಗಾಗಲೆಂದು ಕಾಯಬೇಡಿ. 111ಕ್ಕೆ ಫೋನು ಮಾಡಿ ಮಾನಸಿಕ ಆರೋಗ್ಯದ ಸಹಾಯವನ್ನು ಆರಿಸಿಕೊಳ್ಳಿ. ಪ್ರಾಣಕ್ಕೆ ಈಗಲೇ ಅಪಾಯವಿದ್ದರೆ 999. ಸಮಾರಿಟನ್ಸ್ ಎಂಬ ಸಂಸ್ಥೆ 1953ರಿಂದ ಈ ಕೆಲಸ ಮಾಡುತ್ತ ಬಂದಿದೆ. ಅವರ 116 123ಕ್ಕೆ ಯಾವ ಹೊತ್ತಿನಲ್ಲಿ ಕರೆದರೂ ಮನುಷ್ಯರೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ. ಅವರೂ ಒಂದು ಬಗೆಯ ರಾತ್ರಿ ಪಾಳಿಯವರು.

ರಾತ್ರಿಯಲ್ಲಿ ಒಳ್ಳೆಯದೇನೂ ಇಲ್ಲವೆಂದು ತಿಳಿಯಬೇಡಿ. ರಾತ್ರಿಯ ವಾರ್ಡಿನದು ಬೇರೆಯೇ ಒಂದು ಊರು. ಮೇಲಧಿಕಾರಿಗಳ ಓಡಾಟವಿಲ್ಲ, ಸಭೆಗಳಿಲ್ಲ. ಕೇರಳದವರು, ಫಿಲಿಪೀನ್ಸಿನವರು, ಘಾನಾದವರು, ಇಲ್ಲಿನವರು ಎಲ್ಲರ ಡಬ್ಬಿಗಳೂ ಒಂದೇ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತವೆ. ನಮ್ಮ ಚಟ್ನಿಪುಡಿಗೆ ಎರಡು ಖಂಡಗಳಲ್ಲಿ ಅಭಿಮಾನಿಗಳಿದ್ದಾರೆ. ಹಗಲು ಯಾರೊಡನೆಯೂ ತುಟಿ ಬಿಚ್ಚದ ಅಜ್ಜನೊಬ್ಬ ಎರಡು ಗಂಟೆಗೆ ಎದ್ದು ತನ್ನ ಸೈಕಲ್ಲಿನ ಕಥೆ ಹೇಳುತ್ತಾನೆ. ಭಯ ಪಟ್ಟವರ ಕೈ ಹಿಡಿದು ಕೂರುವಷ್ಟು ಸಮಯ ಕೆಲವೊಮ್ಮೆ ರಾತ್ರಿಯಲ್ಲೇ ಸಿಗುವುದು. ನಮ್ಮಲ್ಲಿ ಒಬ್ಬರು ಹಗಲಿಗೆ ಬದಲಿಸುತ್ತೇವೆಂದರೂ ಬೇಡವೆಂದು ರಾತ್ರಿಯಲ್ಲೇ ಉಳಿದಿದ್ದಾರೆ.

ಈಗ ಸಂಘಕ್ಕೆ ಒಂದೆರಡು ಮಾತು, ಸಲಿಗೆಯಿಂದ. ಯುಗಾದಿ, ರಾಜ್ಯೋತ್ಸವ, ಗಣೇಶನ ಹಬ್ಬ ಎಲ್ಲವೂ ಶನಿವಾರ ಬೆಳಿಗ್ಗೆ ಹತ್ತಕ್ಕೆ ಶುರುವಾಗುತ್ತವೆ. ಅದು ನಮಗೆ ನಡುರಾತ್ರಿ. ಎರಡು ಹಬ್ಬಕ್ಕೆ ಬರದಿದ್ದರೆ "ಅವರು ಈಗ ದೊಡ್ಡವರಾಗಿಬಿಟ್ಟರು" ಎಂಬ ಮಾತು ಹುಟ್ಟುತ್ತದೆ, ಮೂರನೆಯದಕ್ಕೆ ಕರೆಯುವುದೂ ನಿಲ್ಲುತ್ತದೆ. ವರ್ಷಕ್ಕೆ ಒಂದು ಕಾರ್ಯಕ್ರಮವನ್ನಾದರೂ ಮಧ್ಯಾಹ್ನ ಮೂರರ ಮೇಲೆ ಇಟ್ಟುಕೊಳ್ಳಬೇಕೆಂದು ಕೇಳಿದ್ದೆವು. ಈ ಸಲದ ಗೋಷ್ಠಿಯನ್ನು ಸಮಿತಿಯವರು ಹಾಗೆಯೇ ಇಟ್ಟರು, ಅವರಿಗೆ ನಮ್ಮ ಕೃತಜ್ಞತೆ. ಎರಡನೆಯದನ್ನು ನಾವೇ ಶುರುಮಾಡಿದ್ದೇವೆ. ರಾತ್ರಿ ಎಚ್ಚರವಿರುವ ಕನ್ನಡದವರ ಫೋನು ಪಟ್ಟಿಯೊಂದಿದೆ, ಸದ್ಯಕ್ಕೆ ಹನ್ನೊಂದು ಹೆಸರು. ಬಿಡುವು ಸಿಕ್ಕಾಗ ಒಬ್ಬರು ಇನ್ನೊಬ್ಬರನ್ನು ಕರೆಯುತ್ತೇವೆ. ಹೆಚ್ಚೇನೂ ಮಾತಿರುವುದಿಲ್ಲ, ಏನು ಅಡುಗೆ, ಎಷ್ಟು ಜನ ರೋಗಿಗಳು, ಅಷ್ಟೇ. ಟ್ಯಾಕ್ಸಿ ಓಡಿಸುವವರು, ಗೋದಾಮಿನವರು, ಅಮೆರಿಕದ ಹೊತ್ತಿಗೆ ಕಂಪ್ಯೂಟರಿನ ಮುಂದೆ ಕೂರುವವರು, ಎಳೆ ಕೂಸನ್ನು ಎತ್ತಿಕೊಂಡು ರಾತ್ರಿಯೆಲ್ಲ ತಿರುಗುವ ಬಾಣಂತಿಯರು, ಯಾರು ಬೇಕಾದರೂ ಹೆಸರು ಬರೆಸಬಹುದು. ಹಾಳೆಯನ್ನು ಹೊರಗೆ ಪುಸ್ತಕದ ಮೇಜಿನ ಮೇಲೆ ಇಟ್ಟಿದ್ದೇವೆ, ಪೆನ್ನನ್ನು ದಾರದಲ್ಲಿ ಕಟ್ಟಿದ್ದೇವೆ.

ಮಾತು ಉದ್ದವಾಯಿತು, ಕ್ಷಮಿಸಿ. ನಮ್ಮಲ್ಲಿ ಇಬ್ಬರಿಗೆ ಇವತ್ತು ಏಳೂವರೆಗೆ ಡ್ಯೂಟಿ ಇದೆ. ಊಟದ ಸಾಲಿನಲ್ಲಿ ಅವರನ್ನು ದಯವಿಟ್ಟು ಸ್ವಲ್ಪ ಮುಂದೆ ಬಿಡಿ. ಡಬ್ಬಿ ತಂದಿದ್ದಾರೆ, ಮೊಸರನ್ನ ಮಿಕ್ಕರೆ ಅದಕ್ಕೂ ಹಾಕಿ.